ನಮ್ಮ ಬೀದಿಯ ವೈಫೈಗೆ ಸರದಿ

ಮೂವತ್ತು ವರ್ಷ ನಾಲೆ ಏರಿಯ ಮೇಲೆ ಓಡಾಡಿ ನಿವೃತ್ತನಾದವನು ನಾನು. ಕೆ.ಆರ್.ಎಸ್. ನೀರನ್ನು ಕೊನೆಯ ಗದ್ದೆಗೆ ಮುಟ್ಟಿಸಿದವನಿಗೆ, ಒಂದು ಜಾಲತಾಣವನ್ನು ಮನೆಯ ಕಂಪ್ಯೂಟರಿಗೆ ಮುಟ್ಟಿಸುವುದು ಯಾವ ಮಹಾ ಕೆಲಸ? ಹೆಂಡತಿ ಸುಮಿತ್ರಳಿಗೂ ಹಾಗೆಂದೇ ಹೇಳಿದೆ.

ಸುಮಿತ್ರ ಟೀಚರು. ಒಂಬತ್ತು ವರ್ಷದಿಂದ ಪಾಂಡವಪುರದಿಂದ ಎರಡು ಬಸ್ಸು ಹತ್ತಿಳಿದು ಸಂತೆಬಾಚಹಳ್ಳಿಯ ಆಚೆಯ ಶಾಲೆಗೆ ಹೋಗುತ್ತಾಳೆ. ಮಂಡಿ ಸವೆದಿದೆ. ಈ ಸಲ ವರ್ಗಾವಣೆ ಪಟ್ಟಿಯಲ್ಲಿ ಹೆಸರು ಬಂದಿತ್ತು. ಖಾಲಿ ಇರುವ ಊರನ್ನು ಜಾಲತಾಣದಲ್ಲಿ ಆರಿಸಬೇಕು. ಮೊದಲು ಒತ್ತಿದವರಿಗೆ ಮೊದಲು. ಸಂಜೆ ಐದಕ್ಕೆ ಮುಕ್ತಾಯ.

"ಪಾಂಡವಪುರದಲ್ಲೇ ಒಂದು ಖಾಲಿ ಐತೆ ಕಣ್ರೀ. ಹತ್ತು ಗಂಟೆಗೆ ಶುರುವಾಯ್ತದೆ, ನಾನು ಪಾಠದಲ್ಲಿರ್ತೀನಿ. ಆಯ್ತದಾ ನಿಮ್ಕೈಲಿ?"

"ನೀನು ನೆಮ್ಮದಿಯಾಗಿ ಹೋಗ್ಬಾ!"

ಹತ್ತಕ್ಕೆ ಸರಿಯಾಗಿ ಕೂತೆ. ರಾಶಿ ಭವಿಷ್ಯ ತೆರೆಯಿತು. ಅಣೆಕಟ್ಟೆಯ ನೀರಿನ ಮಟ್ಟ ತೆರೆಯಿತು. ಕೇಳದಿದ್ದರೂ ಹಲ್ಲಿನ ಪುಡಿಯ ಜಾಹೀರಾತು ತೆರೆಯಿತು. ಬೇಕಾದ ಆ ಒಂದು ಜಾಲತಾಣ ಮಾತ್ರ ಬಿಳಿ ಹಾಳೆ ತೋರಿಸಿ ಚಕ್ರ ತಿರುಗಿಸುತ್ತಾ ಕೂತಿತು.

ಕಾಯುವುದು ನನ್ನ ಜಾಯಮಾನವಲ್ಲ. ಒತ್ತಿದೆ. ಮತ್ತೆ ಒತ್ತಿದೆ. ಆಮೇಲೆ ಕಾರಣ ಹೊಳೆಯಿತು. ಕೊನೆಯ ಗದ್ದೆಗೆ ನೀರು ಬಾರದಿದ್ದರೆ ಮೇಲೆ ಯಾರೋ ತೂಬು ತೆಗೆದಿದ್ದಾರೆ ಎಂದೇ ಅರ್ಥ! ಹೆಪ್ಪು ಕೇಳಿದವರಿಗೆ ಇಲ್ಲವೆನ್ನಬಾರದು ಎನ್ನುವ ಮನೆ ನಮ್ಮದು. ವೈಫೈ ಕೇಳಿದವರಿಗೂ ಇಲ್ಲವೆಂದಿರಲಿಲ್ಲ. ಇಡೀ ಬೀದಿ ನನ್ನ ಲೈನಿನಲ್ಲೇ ಇತ್ತು. ನಾಲೆಯಲ್ಲಿ ಮಾಡಿದ್ದನ್ನೇ ಇಲ್ಲೂ ಜಾರಿಗೆ ತಂದೆ. ಇಂದಿನಿಂದ ಸರದಿ! ಮೊದಲ ಸರದಿ ನನ್ನದು.

ಪಕ್ಕದ ಮನೆಯ ಜವರ ಎಮ್ಮೆ ಜಾತ್ರೆಯ ವಿಡಿಯೋ ನೋಡುತ್ತಿದ್ದ.

"ಲೇ ಜವರ, ಬಂದ್ ಮಾಡ್ಲಾ ಅದ್ನ! ನಿಮ್ಮತ್ತಿಗೆ ವರ್ಗದ ವಿಷ್ಯ."

"ಅಂಗಾರೆ ನಾನೂ ಬತ್ತೀನಿ ನಡಿಯಣ್ಣೋ."

ಎದುರು ಮನೆಯ ಪುಟ್ತಾಯಮ್ಮ ಬಗ್ಗಲಿಲ್ಲ. ಆಕೆ ಹುಟ್ಟಿ ಹತ್ತು ದಿನವಾದ ಮೊಮ್ಮಗನನ್ನು ಫೋನಿನಲ್ಲಿ ನೋಡುತ್ತಿದ್ದಳು. ನಾನು ಮನೆಗೆ ಬಂದು ವೈಫೈ ಡಬ್ಬಿಯ ಪಾಸ್‌ವರ್ಡನ್ನೇ ಬದಲಿಸಿಬಿಟ್ಟೆ.

"ಮಗಾ ಕಣ್ಬುಡ್ತಿತ್ತಲ್ಲಪ್ಪೋ! ನಿನ್ ಕಂಪೂಟ್ರು ಹಾಳಾಗೋಗ!" ಎಂಬ ಆಶೀರ್ವಾದ ಬೀದಿ ದಾಟಿ ಬಂತು.

ಆದರೂ ಜಾಲತಾಣ ಬರಲಿಲ್ಲ. ತೂಬಿಗೆ ಹತ್ತಿರವಿದ್ದರೆ ಒಳ್ಳೆಯದೆಂದು ಕಂಪ್ಯೂಟರನ್ನು ದೇವರ ಮನೆ ಪಕ್ಕದ ಡಬ್ಬಿಯ ಬಳಿಗೆ ಹೊತ್ತೆವು. ವೈರುಗಳನ್ನು ಕಿತ್ತು ಒರೆಸಿ ಮತ್ತೆ ಚುಚ್ಚಿದೆವು. ನನ್ನ ಬೆರಳು ನೊಂದಾಗ ಜವರ ಒತ್ತಿದ, ಅವನದು ನೊಂದಾಗ ನಾನು. ಊಟವಿಲ್ಲ, ಕಾಫಿಯಿಲ್ಲ. ನಾಲೆ ಒಡೆದ ದಿನವೂ ಇಷ್ಟು ದಣಿದಿರಲಿಲ್ಲ.

ನಾಲ್ಕು ಗಂಟೆಗೆ ಮಾನ ಬಿಟ್ಟು ಕೆ.ಆರ್. ಪೇಟೆಯ ಕಂಪ್ಯೂಟರ್ ಅಂಗಡಿಯವನಿಗೆ ಫೋನು ಮಾಡಿದೆ.

"ಎಷ್ಟು ಸಲ ಒತ್ತಿದ್ರಿ ಸಾರ್?"

"ಒಂದು ಸಾವಿರ ಇರಬೌದು. ಜವರಂದು ಬೇರೆ."

ಆ ಕಡೆಯಿಂದ ನಗು ಬಂತು. "ಬೆಳಿಗ್ಗೆ ಎಲ್ರೂ ನುಗ್ಗಿದ್ಕೆ ಒಂಚೂರು ನಿಧಾನ ಇತ್ತು ಸಾರ್. ಕಾದಿದ್ರೆ ಬರೋದು. ನಿಮ್ಮ ಒತ್ತಾಟ ನೋಡಿ ಆ ಜಾಲತಾಣ ಯಾರೋ ಕಳ್ರು ಅನ್ಕೊಂಡು ನಿಮ್ಮ ಲೈನಿಗೇ ಬಾಗ್ಲು ಹಾಕ್ಬುಟ್ಟದೆ. ನಾಳೆ ತೆಗೀತದೆ. ಈಗ ಬೇರೆ ಯಾರ್ದಾರೂ ಲೈನಲ್ಲಿ ಮಾಡಿ."

ಬೇರೆ ಲೈನು! ನನ್ನ ವೈಫೈ ನಂಬಿ ಬೀದಿಯಲ್ಲಿ ಒಬ್ಬರೂ ಫೋನಿಗೆ ನೆಟ್ ಹಾಕಿಸಿರಲಿಲ್ಲ. ನಾನೂ ಹಾಕಿಸಿರಲಿಲ್ಲ. ಜವರ ತಲೆ ಕೆರೆದ. "ಪುಟ್ತಾಯಮ್ಮ ಆಕಿಸ್ಕೊಂಡವ್ಳೆ ಕಣಣ್ಣ. ನೀನು ಕಟ್ ಮಾಡಿದ್ದೇ ತಡ, ಸಿಟ್ಟಲ್ಲಿ ಅಂಗ್ಡಿಗೆ ಓಡೋದ್ಲು. ಈಗ ಅಂಗ್ಡಿ ಬಾಗ್ಲಾಕವ್ರೆ."

ಎದುರು ಮನೆಯ ಜಗಲಿ ಹತ್ತಿ ಬಾಗಿಲಲ್ಲಿ ನಿಂತೆ.

"ಅವ್ವಾ, ಒಂದೈದು ನಿಮಿಷ ಫೋನು..."

"ಮಗಾ ಈಗ ಎದ್ದದೆ. ಸರದಿ ಅಂದ್ಯಲ್ಲ, ಕೂತ್ಕೋ ಸರದೀಲಿ."

ಕೂತೆ. ಮಗು ಸೀನಿತು, ಆಕಳಿಸಿತು, ಮುಲುಕಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಅದು ಕೃಪೆಯಿಟ್ಟು ನಿದ್ದೆ ಹೋಯಿತು. ಫೋನು ಕೈಗೆ ಬಂತು, ಜಾಲತಾಣ ಒಂದೇ ಒತ್ತಿಗೆ ತೆರೆಯಿತು. ಪಾಂಡವಪುರ ಯಾವಾಗಲೋ ಹೋಗಿತ್ತು. ಸುತ್ತಮುತ್ತಲದ್ದೆಲ್ಲ ಹೋಗಿತ್ತು. ಉಳಿದದ್ದರಲ್ಲಿ ಒಂದೇ ಬಸ್ಸಿನ ದಾರಿಯ ಕಿಕ್ಕೇರಿ ವಾಸಿಯಾಗಿ ಕಂಡಿತು. ಒತ್ತಿದೆ. ಒಂದೇ ಸಲ.

ಸುಮಿತ್ರ ಬಂದು ಚಪ್ಪಲಿಯನ್ನೂ ಬಿಡದೆ ಕೇಳಿದಳು. ಹೇಳಿದೆ. ಅವಳು ಗೋಡೆಗೊರಗಿ ಕೂತು ಮಂಡಿ ಉಜ್ಜಿಕೊಂಡಳು.

"ಒಂದು ಬಸ್ಸಾರ ತಪ್ತಲ್ಲ, ಬುಡಿ," ಅಂದಳು.

ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಅವಳು ಬಸ್ಸಿಗೆ ಹೋದ ಮೇಲೆ, ಸುಮ್ಮನಿರಲಾರದೆ ಆ ಜಾಲತಾಣವನ್ನು ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು! "ಊರು ಆರಿಸುವ ಅವಧಿ ಮುಗಿದಿದೆ" ಎಂದು ದಪ್ಪ ಅಕ್ಷರದಲ್ಲಿ, ಬಣ್ಣದಲ್ಲಿ, ಅಚ್ಚುಕಟ್ಟಾಗಿ ಬರೆದಿತ್ತು. ಹೊಸ ಪಾಸ್‌ವರ್ಡು ಕೇಳಲು ಬಂದ ಜವರ ಹಿಂದಿನಿಂದ ಬಗ್ಗಿ ನೋಡಿದ.

"ಸರ್ಯಾಯ್ತಲ್ಲಣ್ಣೋ! ನಾನೇಳ್ಲಿಲ್ವಾ, ನೀನು ಬುಡೋನಲ್ಲ ಅಂತ!"

"ಹೂಂ ಕಣ್ಲಾ," ಅಂದೆ.