ನಿಮ್ಮ ದೃಷ್ಟಿಯೇ ಬೇರೆ

ಆಕಾಶ ಸ್ವಲ್ಪ ಮಂಕಾಗಿ ಕಂಡಿತು, ಅಷ್ಟೇ. ಸಂಜೆ ಸಾಹೇಬರ ಆ ದಿನದ ಫಜೀತಿಗೆ ಅದಕ್ಕಿಂತ ದೊಡ್ಡ ಕಾರಣವೇನೂ ಬೇಕಾಗಲಿಲ್ಲ.

ಸಂಜೆ ಸಾಹೇಬರು ಅಂದರೆ ಬಸ್ ಡಿಪೋದ ಸ್ಟೋರಿನಲ್ಲಿ ಜೀವಮಾನವಿಡೀ ನಟ್ಟು ಬೋಲ್ಟು ಎಣಿಸಿ ರಿಟೈರಾದವರು. ಆಮೇಲೆ ಮಗಳು ಕೊಡಿಸಿದ ಕ್ಯಾಮೆರಾ ಹಿಡಿದು ದಿನಾ ಸಂಜೆ ಟೆರೇಸು ಹತ್ತತೊಡಗಿದರು. ಮೊದಮೊದಲು ಮುಳುಗುವ ಸೂರ್ಯನ ಬದಲು ನೀರಿನ ಟ್ಯಾಂಕು ಬರುತ್ತಿತ್ತು, ಇಲ್ಲವೇ ಯಾರೋ ಒಣಗಲು ಹಾಕಿದ ಬೆಡ್‌ಶೀಟು. ಈಗ ಕೈ ಪಳಗಿತ್ತು. ದಿಗಂತ ವಾಲುತ್ತಿರಲಿಲ್ಲ. ಸೂರ್ಯನನ್ನು ನಟ್ಟನಡುವೆ ಕೂರಿಸದೆ ಒಂದು ಪಕ್ಕಕ್ಕೆ ಸರಿಸಬೇಕು ಅನ್ನುವುದೂ ತಿಳಿದಿತ್ತು. ಕಟ್ಟಡದವರು ತಮಾಷೆಗೆ ಇಟ್ಟ ಅಡ್ಡಹೆಸರನ್ನು ಅವರು ಬಿರುದು ಅಂತಲೇ ತಿಳಿದುಕೊಂಡಿದ್ದರು.

ನಿನ್ನೆ ತೆಗೆದ ಫೋಟೋ ಮಾತ್ರ ಸುಮ್ಮನೆ ಹೊತ್ತು ಹೋಗಲಿ ಅಂತ ತೆಗೆದದ್ದಲ್ಲ. ಹೋದ ತಿಂಗಳು ಅವರ ಹೆಂಡತಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಅದಕ್ಕೂ ಮುಂಚೆ ಆಕೆ ಮೊಳೆಗೆ ನೇತುಹಾಕಿದ ಕೋಟಿನ ಜೊತೆ, ಗಂಡ ಅಂದುಕೊಂಡು, ಅರ್ಧ ಗಂಟೆ ಮಾತಾಡಿದ್ದುಂಟು. ಉತ್ತರ ಬರಲಿಲ್ಲ ಅಂತ ಅನುಮಾನ ಪಡುವ ಪ್ರಶ್ನೆಯೇ ಇರಲಿಲ್ಲ, ಗಂಡನೂ ಹಾಗೇ ಇದ್ದದ್ದು. ಆಪರೇಷನ್ ಆದಮೇಲೆ ಮನೆಗೆ ಬಂದವಳು ಮೊದಲು ಸೂರಿನ ಜೇಡರ ಬಲೆ ನೋಡಿದಳು. ಆಮೇಲೆ ಗಂಡನ ಮುಖ ನೋಡಿ, "ಅಯ್ಯೋ, ನಿಮಗೆ ಯಾವಾಗ್ರೀ ಇಷ್ಟು ವಯಸ್ಸಾಗಿದ್ದು?" ಅಂತ ಕೆನ್ನೆ ಸವರಿದಳು. ಸಾಹೇಬರು ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದರು.

ಆಪರೇಷನ್ ಮಾಡಿದ ಡಾಕ್ಟ್ರಮ್ಮನ ಋಣ ಹೇಗೆ ತೀರಿಸುವುದು? ಅವರ ಕ್ಲಿನಿಕ್ಕಿನ ಹೊಸ ವೇಟಿಂಗ್ ರೂಮು ಇವತ್ತು ಸಂಜೆ ಶುರುವಾಗುವುದಿತ್ತು. ಬಾಗಿಲೆದುರಿನ ಗೋಡೆ ಖಾಲಿ. "ನಿಮ್ಮ ಒಂದು ಸೂರ್ಯಾಸ್ತ ತನ್ನಿ, ಅಲ್ಲಿ ಹಾಕೋಣ" ಅಂತ ಡಾಕ್ಟ್ರಮ್ಮನೇ ಅಂದಿದ್ದರು. ತನ್ನ ಫೋಟೋ ಒಂದೇ ಒಂದು ಗೋಡೆ ಕಂಡರೆ ಸಾಕು, ಅದೂ ಈ ತಾಯಿಯ ಗೋಡೆಯಾದರೆ ಜನ್ಮ ಸಾರ್ಥಕ ಅಂತ ಸಾಹೇಬರು ಕಾದಿದ್ದರು.

ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತರೆ ಆಕಾಶ ಮಂಕು. ಹಳೇ ಗೋಣಿಚೀಲದ ಬಣ್ಣ. ಸಾಹೇಬರು ನೀಲಿ ಏರಿಸಿದರು. ಸಾಲದು ಅನ್ನಿಸಿತು. ಮತ್ತೆ ಏರಿಸಿದರು. ಕೆಂಪೂ ಸೇರಿಸಿದರು. ಹೊಳಪು ಹೆಚ್ಚಿಸಿದರು. ಕೊನೆಗೆ, "ಹಾಂ, ಈಗ ನೋಡು, ಜೀವ ಬಂತು" ಅಂದರು.

ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಇಣುಕಿದಳು. "ಇದೇನ್ರೀ ಇದು, ಆಕಾಶಕ್ಕೆ ಏಟು ಬಿದ್ದು ರಕ್ತ ಹೆಪ್ಪುಗಟ್ಟಿದ ಹಾಗಿದೆ?"

"ನಿನ್ನ ಕಣ್ಣು ಇನ್ನೂ ಹೊಸದು. ಹೊಂದಿಕೊಳ್ಳೋಕೆ ಟೈಮ್ ಬೇಕು. ಡ್ರಾಪ್ಸ್ ಹಾಕ್ಕೊಂಡ್ಯಾ?"

"ಹಾಕ್ಕೊಂಡೆ. ಆದ್ರೂ ನೇರಳೇನೇ."

ಹೆಂಡತಿಯ ಮಾತಿಗೆ ಬೆಲೆ ಕೊಡದವರಲ್ಲ ಸಾಹೇಬರು. ಮನಸ್ಸಿಗೆ ಹುಳ ಬಿಟ್ಟ ಹಾಗಾಗಿ, ಎದುರು ಮನೆಯ ಹೆಡ್‌ಮಾಸ್ಟರನ್ನೂ ಕೆಳಗಿನ ಮನೆಯ ಬ್ಯಾಂಕಿನವರನ್ನೂ ಕರೆದರು. ಇಬ್ಬರೂ ರಿಟೈರಾಗಿ ಇವರಿಗಿಂತ ಹೆಚ್ಚು ವರ್ಷ ಆದವರು, ಅಭಿಪ್ರಾಯ ಕೇಳಿದರೆ ಚಪ್ಪಲಿ ಹಾಕಿಕೊಳ್ಳುವುದಕ್ಕೂ ನಿಲ್ಲದವರು.

ಹೆಡ್‌ಮಾಸ್ಟರು ಪರದೆಗೆ ಮೂಗು ತಾಗಿಸಿ ನೋಡಿದರು. "ಭೇಷ್! ಏನ್ರೀ ಇದು, ಎದುರಿಗೇ ಮುಳುಗ್ತಾ ಇರೋ ಹಾಗಿದೆ. ಆದ್ರೆ ನೀಲಿ ಸ್ವಲ್ಪ ಕಮ್ಮಿ ಆಯ್ತು."

"ಕಮ್ಮೀನಾ?"

"ಸುಮಾರು ಕಮ್ಮಿ. ಎತ್ತಿ, ಎತ್ತಿ."

ಬ್ಯಾಂಕಿನವರು, "ಸೂರ್ಯ ಸಪ್ಪೆ ಆದ. ಸ್ವಲ್ಪ ಖಾರ ಇರ್ಲಿ" ಅಂದರು. ಸಾಹೇಬರು ಎತ್ತಿದರು, ಖಾರ ಹಾಕಿದರು. ಅಡುಗೆಮನೆಯಿಂದ ಹೆಂಡತಿ, "ಮೂರು ಜನ ಸೇರಿ ಆ ಸೂರ್ಯನ ಗತಿ ಏನ್ ಮಾಡ್ತಿದ್ದೀರೋ" ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಹೋಗುವಾಗ ಹೆಡ್‌ಮಾಸ್ಟರು ಬೆನ್ನು ತಟ್ಟಿ, "ಸಂಜೆ ನಾವೂ ಕ್ಲಿನಿಕ್ಕಿಗೆ ಬರ್ತೀವಿ, ನಮ್ಮವರ ಚಿತ್ರ ಗೋಡೆ ಏರೋದು ನೋಡ್ಬೇಕಲ್ಲ" ಅಂದರು. ಇಂಥ ನೆರೆಹೊರೆ ಸಿಗುವುದಕ್ಕೂ ಪುಣ್ಯ ಬೇಕು ಅಂದುಕೊಂಡರು ಸಾಹೇಬರು.

ಪ್ರಿಂಟು ಹಾಕಿಸಲು ಹೋದರೆ ಸ್ಟುಡಿಯೋದವನು ಫೋಟೋ ತೆರೆದು ತನ್ನ ಮಾನಿಟರಿನ ತಲೆಗೆ ಎರಡು ಬಿಟ್ಟ. ವೈರು ಅಲ್ಲಾಡಿಸಿದ. ಆಮೇಲೆ ಮೆಲ್ಲಗೆ, "ಸಾರ್, ಕಲರ್ ಹೀಗೇ ಇರ್ಲಾ?" ಅಂದ.

"ಒಂದು ಚೂರೂ ಮುಟ್ಟಬೇಡಪ್ಪ."

"ಅಲ್ಲ ಸಾರ್, ಕೆಳಗಡೆ ಯಾರದೋ ಮನೆ ಹತ್ತಿಕೊಂಡು ಉರೀತಿರೋ ಹಾಗೆ..."

"ಅದು ಕೆರೆ."

ಸ್ಟುಡಿಯೋದವನು ಪ್ರಿಂಟು ಒತ್ತಿದ. ಮೆಷಿನ್ನು ಅರ್ಧ ಸೂರ್ಯ ಬರುವಷ್ಟರಲ್ಲಿ ಇಂಕು ಮುಗಿದು ನಿಂತಿತು, ಹೊಸದು ಹಾಕಿ ಮುಗಿಸಬೇಕಾಯಿತು. ಸಂಜೆ ಕ್ಲಿನಿಕ್ಕಿಗೆ ಹೋಗುವ ಬಸ್ಸಿನಲ್ಲಿ, ಸುತ್ತಿದ ಕಾಗದ ಸ್ವಲ್ಪ ಸರಿಸಿ, ಫ್ರೇಮನ್ನು ಮಗುವಿನ ಹಾಗೆ ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತರೆ ಪಕ್ಕದ ಸೀಟಿನಾಕೆ, "ಪಾಪ, ಯಾವ ಫ್ಯಾಕ್ಟರಿ ಸುಟ್ಟುಹೋಗಿದ್ದು?" ಅಂತ ಲೊಚಗುಟ್ಟಿದಳು. ಹೆಂಡತಿ ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಲೆ ಎಲ್ಲರಿಗೂ ಅರ್ಥವಾಗುವುದಿಲ್ಲ ಅಂತ ಸಾಹೇಬರು ಪಕ್ಕದ ಸೀಟಿನಾಕೆಯನ್ನು ಮನಸ್ಸಿನಲ್ಲೇ ಕ್ಷಮಿಸಿದರು.

ಡಾಕ್ಟ್ರಮ್ಮ ಕಾಗದ ಬಿಚ್ಚಿ ಚಿತ್ರ ನೋಡಿದರು. ದೂರ ಹಿಡಿದು ನೋಡಿದರು. ಆಮೇಲೆ ಚಿತ್ರ ಬಿಟ್ಟು ಸಾಹೇಬರನ್ನು ನೋಡಿದರು.

"ಇದರ ಬಣ್ಣ ಎಲ್ಲಾ ನೀವೇ ಎಡಿಟ್ ಮಾಡಿದ್ದಾ?"

"ನಾನೇ ಡಾಕ್ಟ್ರೇ."

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಆಗಿರ್ಬೇಕು. ಬರ್ತಾ ಬರ್ತಾ ಜಾಸ್ತೀನೇ ಆಗ್ತಿದೆ."

"ದೀಪ ನೋಡಿದ್ರೆ ಸುತ್ತ ಬಳೆ ಇಟ್ಟ ಹಾಗೆ ಬೆಳಕು ಕಾಣುತ್ತಾ?"

"ಕಾಣುತ್ತೆ, ಕಾಣುತ್ತೆ! ನಮ್ಮನೆಯವಳಿಗೆ ಹೇಳಿದ್ರೆ ಹಾಗೇನೂ ಇಲ್ಲ ಅಂತಾಳೆ."

"ನಿಮ್ಮ ದೃಷ್ಟಿಯೇ ಬೇರೆ ಬಿಡಿ" ಅಂದರು ಡಾಕ್ಟ್ರಮ್ಮ.

ಸಾಹೇಬರಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಡಾಕ್ಟ್ರಮ್ಮ ಒಳಗೆ ಕರೆದು ಒಂದು ಮೆಷಿನ್ನಿನ ಮುಂದೆ ಕೂರಿಸಿ, ಗಲ್ಲ ಇಲ್ಲಿಡಿ ಅಂದಾಗ, ಫೋಟೋದ ಪಕ್ಕ ಹಾಕಲು ಕಲಾವಿದನ ಫೋಟೋ ತೆಗೆಯುತ್ತಾರೆ ಅಂತಲೇ ತಿಳಿದು ಕೂದಲು ನೀವಿಕೊಂಡರು. "ನಗಲಾ ಡಾಕ್ಟ್ರೇ?"

"ಬೇಡ. ರೆಪ್ಪೆ ಬಡೀಬೇಡಿ."

ಎರಡೂ ಕಣ್ಣಲ್ಲಿ ಪೊರೆ. ಹೆಂಡತಿಗೆ ಇದ್ದದ್ದಕ್ಕಿಂತ ದಪ್ಪ. "ಹಳದಿ ಗಾಜಿನ ಹಿಂದೆ ಕೂತು ನೋಡ್ತಾ ಇದ್ದೀರಿ. ನೀಲಿ ನಿಮ್ಮ ಕಣ್ಣಿನ ಒಳಗೇ ಹೋಗ್ತಿಲ್ಲ. ಅದಕ್ಕೇ ಬಿಂದಿಗೆಗಟ್ಟಲೆ ಸುರಿದಿದ್ದೀರಿ" ಅಂದರು ಡಾಕ್ಟ್ರಮ್ಮ.

"ಇಲ್ಲ ಡಾಕ್ಟ್ರೇ, ಇದನ್ನ ಇಬ್ಬರು ನೋಡಿ ಮೆಚ್ಚಿದ್ದಾರೆ! ಇನ್ನೂ ನೀಲಿ ಬೇಕು ಅಂದಿದ್ದೇ ಅವರು!"

"ಹೌದಾ? ಎಲ್ಲಿದ್ದಾರೆ ಅವರು?" ಡಾಕ್ಟ್ರಮ್ಮನ ಮುಖ ಅರಳಿತು.

ಅವರು ಹೊರಗೇ ಇದ್ದರು. ಹೆಡ್‌ಮಾಸ್ಟರು ಬಂದವರಿಗೆಲ್ಲ ಬೆಳಕು ನೆರಳಿನ ಮೇಲೆ ಪಾಠ ಮಾಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅವರೂ ಬ್ಯಾಂಕಿನವರೂ ಸರದಿಯಲ್ಲಿ ಆ ಮೆಷಿನ್ನಿಗೆ ಗಲ್ಲ ಇಟ್ಟು ಎದ್ದು ಬಂದರು. ಮೂವರೂ ಬೆಂಚಿನ ಮೇಲೆ, ಕ್ಲಾಸಿನಿಂದ ಆಚೆ ಹಾಕಿಸಿಕೊಂಡವರ ಹಾಗೆ ಕೂತರು.

"ಸಾಹೇಬ್ರೇ, ತುಂಬಾ ಉಪಕಾರ ಆಯ್ತು" ಅಂದರು ಬ್ಯಾಂಕಿನವರು. "ನಿಮ್ಮ ಫೋಟೋ ಇಲ್ದಿದ್ರೆ ನಾನು ಕುರುಡಾಗೋವರೆಗೂ ಬೆಳಕು ಸಾಲದು ಅಂತ ಬಲ್ಬ್ ಬದಲಾಯಿಸ್ತಾನೇ ಇರ್ತಿದ್ದೆ." ವ್ಯಂಗ್ಯವಲ್ಲ, ಮನಸಾರೆ ಅಂದ ಮಾತು. ಹೆಂಡತಿ ಸಾಹೇಬರ ಕೈ ಹಿಡಿದು, "ಇನ್ನು ನಿಮಗೂ ಜೇಡರ ಬಲೆ ಕಾಣುತ್ತೆ. ದೇವರು ದೊಡ್ಡವನು" ಅಂದಳು.

ಸಾಹೇಬರಿಗೂ ಎದೆ ತುಂಬಿ ಬಂತು. ಋಣ ತೀರಿಸಲು ಬಂದವರು ಇನ್ನೊಂದು ಹೊರೆ ಋಣ ಹೊತ್ತು ಕೂತಿದ್ದರು. ಆದರೂ ಫೋಟೋದ ಸಂಕಟ ಒಳಗೆ ಕುಟುಕುತ್ತಲೇ ಇತ್ತು. ಮೆಲ್ಲಗೆ ಎದ್ದು ಫ್ರೇಮಿಗೆ ಕಾಗದ ಸುತ್ತತೊಡಗಿದರು.

"ಎಲ್ಲಿಗ್ರೀ ತಗೊಂಡು ಹೋಗ್ತೀರಿ? ಅದು ನಂಗೆ ಬೇಕು" ಅಂತ ಡಾಕ್ಟ್ರಮ್ಮ ಬಂದು ಕಿತ್ತುಕೊಂಡರು. ಬಾಗಿಲೆದುರಿನ ಗೋಡೆಗೆ ತಾವೇ ನಿಂತು ಹಾಕಿಸಿದರು. ಕೆಳಗೊಂದು ಚೀಟಿಯನ್ನೂ ಅಂಟಿಸಿದರು. ಜನ ಚಪ್ಪಾಳೆ ತಟ್ಟಿದರು. ಸಾಹೇಬರ ಕಣ್ಣು ಮಂಜಾಯಿತು, ಇದ್ದ ಮಂಜಿನ ಮೇಲೆ ಇನ್ನಷ್ಟು.

"ಏನು ಬರೆದಿದ್ದಾರೆ ಓದೇ, ನನ್ನ ಹೆಸರು ಇದ್ಯಾ?"

"ಇದೆ ಕಣ್ರೀ, ದಪ್ಪಕ್ಷರದಲ್ಲಿ." ಹೆಂಡತಿ ಕನ್ನಡಕವಿಲ್ಲದೆ ಓದಿದಳು. "ಅದರ ಕೆಳಗೆ, 'ಈ ಚಿತ್ರದ ಬಣ್ಣ ಸರಿಯಾಗಿದೆ ಅನ್ನಿಸಿದವರು ತಕ್ಷಣ ಕೌಂಟರಿನಲ್ಲಿ ಹೆಸರು ಬರೆಸಿ' ಅಂತಿದೆ."

ಅಷ್ಟರಲ್ಲಿ ಮೊಮ್ಮಗಳನ್ನು ತೋರಿಸಲು ಬಂದಿದ್ದ ಒಬ್ಬ ಅಪರಿಚಿತ ಮುದುಕರು ಚಿತ್ರದ ಮುಂದೆ ನಿಂತು ಬೆರಗಾದರು. "ಆಹಾ! ಸಾಕ್ಷಾತ್ ಸೂರ್ಯನೇ! ಯಾವ ಪುಣ್ಯಾತ್ಮ ತೆಗೆದಿದ್ದೋ!"

ಗೊತ್ತಿಲ್ಲದವರ ಬಾಯಿಂದ ಹೊಗಳಿಕೆ ಸಾಹೇಬರು ಕೇಳಿದ್ದು ಇದೇ ಮೊದಲು. ಅವರು ಎದ್ದರು, ಅಂಗಿ ಸರಿಮಾಡಿಕೊಂಡರು, ಕೈಮುಗಿದರು. ನಾನೇ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡು, ಮುದುಕರ ಕೈ ಹಿಡಿದು ಬೆಂಚಿನ ಕಡೆ ಕರೆತಂದರು.

"ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ನೀವು ನಮ್ಮವರೇ."