ಸಪ್ಪಳವಿಲ್ಲದ ಗಾಡಿ

ಚಂದ್ರಕಾಂತನ ಹಳೆಯ ಕಾರಿಗೆ ಇದ್ದದ್ದು ಒಂದೇ ರೋಗ. ಚಾಲೂ ಮಾಡಿದ ಕೂಡಲೇ ಕಿರುಚುತ್ತಿತ್ತು. ಸಂತೆಯಲ್ಲಿ ಮಾರಾಟವಾದ ಆಡಿನ ಮರಿ ಹೊಸ ಧಣಿಯ ಹಿಂದೆ ಹೋಗಲೊಲ್ಲದೆ ತೆಗೆಯುವ ದನಿ ಅದು. ವಿಜಾಪುರದ ಸೊಲ್ಲಾಪುರ ರಸ್ತೆಯ ಬಿಡಿಭಾಗದ ಅಂಗಡಿಯವನು ಬಾನೆಟ್ಟಿನೊಳಗೆ ಒಮ್ಮೆ ಇಣುಕಿದ. “ಆಲ್ಟರ್ನೇಟರ್ ಪುಲ್ಲಿ ಸವದೈತ್ರಿ. ಬೆಲ್ಟ್ ಜಾರತೈತಿ, ಅದಕ್ಕ ಒದರತೈತಿ,” ಎಂದು ಹೊಸದೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಹಾಕಿಕೊಡುವ ಮೆಕ್ಯಾನಿಕ್ ಮಾತ್ರ ಸೋಮವಾರ ಬಾ ಎಂದಿದ್ದ. ಬಸುರಿ ನಾದಿನಿ ನಿರ್ಮಲಾಳ ಕುಬಸ, ಅಂದರೆ ಸೀಮಂತ, ಇದ್ದದ್ದು ರವಿವಾರ ಸಂಜೆ, ಮಾವನ ಊರು ಕಳ್ಳಕವಟಗಿಯಲ್ಲಿ.

ಮಾವ ಮಲಕಾಜಪ್ಪನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ನಿಗೆ ಒಪ್ಪದೆ ಅವರು ಈಗ ಜಗತ್ತನ್ನು ಕಿವಿಯಿಂದಲೇ ನೋಡುತ್ತಿದ್ದರು. ಚಪ್ಪಲಿಯ ಸಪ್ಪಳದಿಂದ ಮನುಷ್ಯನನ್ನೂ ಕೆಮ್ಮಿನಿಂದ ಅವನ ಮನೆತನವನ್ನೂ ಹೇಳಬಲ್ಲವರು. ಅಳಿಯನ ಕಾರಂತೂ ಅವರಿಗೆ ಊರ ಹೊರಗಿರುವಾಗಲೇ ಗೊತ್ತಾಗುತ್ತಿತ್ತು. ಕಳೆದ ದೀಪಾವಳಿಯಲ್ಲಿ ಆ ಕಿರುಚಾಟಕ್ಕೆ ಬೆದರಿ ಹಿತ್ತಲ ಎಮ್ಮೆ ಎರಡು ಹೊತ್ತು ಹಾಲು ಕೊಡಲಿಲ್ಲ. ಅಂದಿನಿಂದ ಚಂದ್ರಕಾಂತನ ಕಾರಿಗೆ ಮಾವನ ಮನೆಯ ಮುಂದೆ ಜಾಗವಿಲ್ಲ. ಊರಾಚೆಯ ಕಣದಲ್ಲಿ ನಿಲ್ಲಿಸಿ, ಬುಟ್ಟಿ ಚೀಲ ಹೊತ್ತು, ಮಂದಿಯೆಲ್ಲ ನೋಡುತ್ತಿರುವಾಗ ನಡೆದು ಬರಬೇಕು.

ರವಿವಾರ ಬೆಳಿಗ್ಗೆ ಮಾವ ಫೋನು ಮಾಡಿದರು. “ಅಳಿಯಂದ್ರ, ಬೀಗರು ಬರತಾರ. ನಿಮ್ಮ ಗಾಡಿ ಸಪ್ಪಳಕ್ಕ ಕೂಸು ಹೊಟ್ಟ್ಯಾಗ ಬೆಚ್ಚೀತು. ಕಣದಾಗ ನಿಲ್ಲಸ್ರಿ, ಮತ್ತೇನ್ ತಿಳಕೋಬ್ಯಾಡ್ರಿ.”

“ಮಾವಾರ,” ಎಂದ ಚಂದ್ರಕಾಂತ, ಎದೆ ಉಬ್ಬಿಸಿ. “ಇವತ್ತ ಗಾಡಿ ನಿಮ್ಮ ಬಾಗಲದಾಗ ಬಂದು ನಿಂತ್ರೂ ನಿಮಗ ಗೊತ್ತಾಗಂಗಿಲ್ಲ, ನೋಡ್ರಿ ಬೇಕಾದ್ರ.”

ಹೇಳಿದ್ದಾಯಿತು, ಇನ್ನು ಮಾಡಬೇಕು. ಅವನು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ಗೋಡೆಯ ಮೇಲೆ ತೂಗುಹಾಕಿದ ರಾಟೆಯ ಚಿತ್ರದ ಧೂಳನ್ನು ವರ್ಷಗಟ್ಟಲೆ ಒರೆಸಿದ್ದ. ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿದ್ದ. ಬ್ಯಾಟರಿಯ ವಾಯರ್ ಬಿಚ್ಚಿ, ಬೆಲ್ಟ್ ಸಡಿಲಿಸಿ, ಆಲ್ಟರ್ನೇಟರನ್ನು ಹೊರಗೆಳೆದು ಎದುರು ಮನೆಯ ರಾಚವ್ವಜ್ಜಿಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟ. ಅಷ್ಟರಲ್ಲಿ ಪಕ್ಕದ ಮನೆಯ ದಾವಲಸಾಬ ಚಹಾದ ಬಶಿ ಹಿಡಿದು ಬಂದ. ಆಯುಷ್ಯವೆಲ್ಲ ಖಾಸಗಿ ಬಸ್ಸು ಹೊಡೆದು, ಈಗ ಮನೆಯಲ್ಲಿ ಕುಳಿತು ಕೈ ತುರಿಸುತ್ತಿರುವ ಮನುಷ್ಯ.

“ಏನೋ ಚಂದ್ರೂ, ಮುಂಜಾನೆದ್ದು ಗಾಡೀದು ಹೊಟ್ಟಿ ಕೊಯ್ದು ಕುಂತಿ?”

“ಪುಲ್ಲಿ ಬದಲಿ ಮಾಡಾಕತ್ತೇನಿ, ಕಾಕಾ. ನಾ ಒಬ್ಬಾವನ ಮಾಡತೇನಿ, ನೀವು ಚಹಾ ಕುಡೀರಿ.”

“ನಾ ಇರೂತನಾ ನೀ ಒಬ್ಬಾವನ ಮಾಡತಿ? ಮಂದಿ ನನಗ ಏನಂದಾರು?”

ಪುಲ್ಲಿಯ ನಡುವಿನ ನಟ್ಟಿಗೆ ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಜೊತೆ ಪುಲ್ಲಿಯೂ ತಿರುಗುತ್ತಿತ್ತು, ಅದರ ಜೊತೆ ಒಳಗಿನ ದಂಡವೂ. ಮೂವರೂ ಒಂದೇ ತಾಯಿಯ ಮಕ್ಕಳ ಹಾಗೆ ಒಟ್ಟಿಗೇ ಸುತ್ತುತ್ತಿದ್ದರು. ಚಿತ್ರದಲ್ಲಿನ ರಾಟೆಗೆ ಇಂಥ ನೆಂಟಸ್ತಿಕೆ ಇರಲಿಲ್ಲ. ದಾವಲಸಾಬ ಒಂದು ಹಳೆಯ ಬೆಲ್ಟ್ ತಂದು ಪುಲ್ಲಿಗೆ ಬಿಗಿದು ಎರಡೂ ಕೈಯಲ್ಲಿ ಜಗ್ಗಿ ಹಿಡಿದ.

“ಹಾಂ, ಈಗ ತಿರುವು. ಬಲಕ್ಕ.”

“ಎಡಕ್ಕಲ್ಲೇನ್ರಿ ಬಿಚ್ಚೂದು?”

“ಇದು ಉಲ್ಟಾ ಥ್ರೆಡ್ ಇರತೈತೋ. ನಾ ಬಸ್ಸ ಹೊಡದಾವ. ನೀ ಏನ್ ಹೊಡದಿ?”

ಚಂದ್ರಕಾಂತ ಬಲಕ್ಕೆ ತಿರುವಿದ. ಬಿಸಿಲು ಏರಿತು. ಅಂಗಿ ಬೆನ್ನಿಗೆ ಅಂಟಿತು. ಪಾನಾದ ಹಿಡಿಕೆಗೆ ಕಬ್ಬಿಣದ ಪೈಪು ಸಿಕ್ಕಿಸಿಕೊಂಡು, ಅದರ ಮೇಲೆ ಹೊಟ್ಟೆ ಊರಿ ತಿರುವಿದ. ಕೊನೆಗೆ ದಮ್ಮು ಹತ್ತಿ ಮೊಬೈಲು ತೆಗೆದು ನೋಡಿದರೆ, ವಿಡಿಯೋದಲ್ಲಿನ ಮನುಷ್ಯ ಹಾಡು ಗುನುಗುತ್ತ ಎಡಕ್ಕೆ ಬಿಚ್ಚುತ್ತಿದ್ದ.

ದಾವಲಸಾಬ ವಿಡಿಯೋವನ್ನು ಎರಡು ಸಲ ನೋಡಿದ. “ಹಂಗಾರ ಛಲೋ ಆತು ಬಿಡು. ಬಿಗಿ ಐತೋ ಇಲ್ಲೋ ಅಂತ ಗೊತ್ತಾತಲ್ಲ.”

ಇಷ್ಟು ಬಿಗಿದ ನಟ್ಟು ಈಗ ಎಡಕ್ಕೆ ಬರಲೊಲ್ಲದು. ರಾಚವ್ವ ಒಳಗಿನಿಂದ ಕುಸುಬಿ ಎಣ್ಣೆಯ ತಂಬಿಗೆ ತಂದಳು. “ಎರಡ ಹನಿ ಬಿಟ್ಟು ಸುಮ್ಮ ಕುಂಡ್ರಿ. ನಮ್ಮ ಬಾಗಲದ ಚಿಲಕಾ ಹಿಂಗ ಮಾಡತಿತ್ತು.”

ಎಣ್ಣೆ ಬಿಟ್ಟು, ಕೂತು, ಮತ್ತೆ ಒಮ್ಮೆ ಜಗ್ಗಿದಾಗ ನಟ್ಟು ಬಿಟ್ಟಿತು. ಚಂದ್ರಕಾಂತ ಹಿಂದಕ್ಕೆ ಬಿದ್ದ. ಎದ್ದು ಬಿಚ್ಚಿ ತೆಗೆದ ನಟ್ಟು ಎಣ್ಣೆಗೈಯಿಂದ ಜಾರಿ, ಕಲ್ಲಿಗೆ ಬಡಿದು ಪುಟಿದು, ರಾಚವ್ವ ಬಿಸಿಲಿಗೆ ಹರವಿದ್ದ ಶೇಂಗಾದ ರಾಶಿಯಲ್ಲಿ ಮಾಯವಾಯಿತು.

ಇಬ್ಬರೂ ಮೊಣಕಾಲೂರಿ ಹುಡುಕತೊಡಗಿದರು. ರಾಚವ್ವ ಕೋಲು ಹಿಡಿದು ಕಾವಲಿಗೆ ಕುಳಿತಳು.

“ಏ ದಾವಲಾ, ಹುಡಕಾಕತ್ತಿಯೋ ತಿನ್ನಾಕತ್ತಿಯೋ?”

“ನಟ್ಟು ಎಲ್ಲಿ ಒಳಗ ಹೊಕ್ಕೈತೋ ಅಂತ ಒಡದು ನೋಡಾಕತ್ತೇನಿ, ಆಯಿ.”

ಮಧ್ಯಾಹ್ನ ಹೊರಳುವ ಹೊತ್ತಿಗೆ ನಟ್ಟು ಸಿಕ್ಕಿತು. ಎಣ್ಣೆಯನ್ನೆಲ್ಲ ಒರೆಸಿ, ಹೊಸ ಪುಲ್ಲಿ ಕೂರಿಸಿ, ನಟ್ಟು ಬಿಗಿದು, ಎಲ್ಲವನ್ನೂ ಮೊದಲಿನ ಜಾಗಕ್ಕೆ ಸೇರಿಸಿದರು. ಚಂದ್ರಕಾಂತ ಚಾವಿ ತಿರುವಿದ. ಏನೂ ಕೇಳಲಿಲ್ಲ. ಗಾಡಿ ಚಾಲೂ ಆಗಿಲ್ಲವೆಂದು ಮತ್ತೊಮ್ಮೆ ತಿರುವಲು ಹೋದ.

“ಲೇ ಲೇ, ಚಾಲೂ ಐತಿ!” ದಾವಲಸಾಬ ಬಾನೆಟ್ಟಿಗೆ ಕಿವಿ ಹಚ್ಚಿ ಕೂಗಿದ. “ಹಾಲ ಕುಡದ ಬೆಕ್ಕಿನಂಗ ಕುಂತೈತಿ!”

ಚಂದ್ರಕಾಂತನಿಗೆ ಕುಣಿಯಬೇಕೆನಿಸಿತು. ಆದರೆ ಮೊಣಕೈ ತನಕ ಗ್ರೀಸು, ತಲೆಯಲ್ಲಿ ಶೇಂಗಾದ ಸಿಪ್ಪೆ.

“ನೀ ಜಳಕಾ ಮಾಡು,” ಎಂದ ದಾವಲಸಾಬ, ಆಗಲೇ ಚಾಲಕನ ಸೀಟಿನಲ್ಲಿ ಕೂತು. “ಕೈ ಹಚ್ಚಿದ ಗಾಡಿ ಟ್ರಯಲ್ ನೋಡದ ಬಿಡಬಾರದು. ಇಲ್ಲೇ ಟಿಕೋಟಾ ಮಟಾ ಹೋಗಿ ಬರತೇನಿ. ಮಾಸುಮಬೀನ ಆಕಿ ತಂಗೀ ಮನಿಗೆ ಕರಕೊಂಡು ಹೋಗದ ವರ್ಸಾತು.” ಅವನ ಹೆಂಡತಿ ಮಾಸುಮಬಿ ಅದು ಯಾವಾಗ ಸೀರೆ ಬದಲಿಸಿ ಬಂದಳೋ, ಮುಂದಿನ ಸೀಟಿನಲ್ಲಿದ್ದಳು. ದಿನವಿಡೀ ಬೆಲ್ಟ್ ಜಗ್ಗಿ ಹಿಡಿದವನಿಗೆ ಬೇಡ ಎನ್ನುವುದು ಹೇಗೆ?

ಜಳಕವಾಯಿತು. ಇಸ್ತ್ರಿ ಅಂಗಿ ಹಾಕಿದ್ದಾಯಿತು. ಹಣ್ಣಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತದ್ದೂ ಆಯಿತು. ಗಾಡಿಯ ಸುಳಿವಿಲ್ಲ. ಫೋನು ಬಂತು.

“ಚಂದ್ರೂ, ಇಲ್ಲಿ ಮಂದಿ ಊಟ ಮಾಡದ ಬಿಡವಲ್ರು. ತಿರುಗಿ ಬಂದ್ರ ನಿನಗ ಹೊತ್ತಾಕ್ಕೈತಿ. ನಾ ಗಾಡೀನ ಸೀದಾ ನಿಮ್ಮ ಮಾವನ ಮನಿಗೆ ತರತೇನಿ. ನೀ ಬಸ್ಸ ಹತ್ತಿ ಬಂದ್ಬಿಡು.”

ಬಸ್ಸು ಟಿಕೋಟಾದ ತನಕ ತಂದು ಇಳಿಸಿತು. ಅಷ್ಟರಲ್ಲಿ ದಾವಲಸಾಬ ಗಾಡಿ ತಗೊಂಡು ಮುಂದೆ ಹೋಗಿಯಾಗಿತ್ತು. ಮುಂದೆ ಕಳ್ಳಕವಟಗಿಗೆ ಸಿಕ್ಕಿದ್ದು ಒಂದು ಮುದಿ ಮೂರುಗಾಲಿ ಟಂಟಂ. ಜೋಳದ ಚೀಲಗಳ ನಡುವೆ ಬುಟ್ಟಿ ತಬ್ಬಿಕೊಂಡು ಕುಳಿತ. ಊರು ಹತ್ತಿರವಾಗುತ್ತಿದ್ದಂತೆ ಟಂಟಂನ ಹೊಟ್ಟೆಯಿಂದ ಒಂದು ದನಿ ಎದ್ದಿತು. ಅದೇ ಆಡಿನ ಮರಿ.

ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಮಲಕಾಜಪ್ಪ ಕೈ ಎತ್ತಿದರು. “ಬಂದ್ರು ನೋಡ್ರಿ ನಮ್ಮ ಅಳಿಯಂದ್ರು! ಯಾರರ ಓಡ್ರಿ, ಕಣದಾಗ ನಿಲ್ಲಸಾಕ ಹೇಳ್ರಿ!”

ಬಾಗಿಲ ಮುಂದೆ, ಬೇವಿನ ಮರದ ನೆರಳಿನಲ್ಲಿ, ಚಂದ್ರಕಾಂತನ ಕಾರು ನಿಂತಿತ್ತು. ಕಟ್ಟೆಯ ಜಮಖಾನೆಯ ಮೇಲೆ, ಬೀಗರ ಸಾಲಿನಲ್ಲಿ, ದಿಂಬಿಗೆ ಒರಗಿ ದಾವಲಸಾಬ ಕುಳಿತಿದ್ದ. ಅವನ ಮುಂದೆ ಶೇಂಗಾ ಹೋಳಿಗೆ, ತುಪ್ಪ.

“ಬರ್ರಿ ಅಳಿಯಂದ್ರ,” ಎಂದರು ಮಾವ. “ಗಾಡಿ ಅಂದ್ರ ಇವರದು ನೋಡ್ರಿ. ಬಾಗಲದಾಗ ಬಂದು ನಿಂತ್ರೂ ನನಗ ಗೊತ್ತಾಗಲಿಲ್ಲ!”

“ಮಾವಾರ, ಅದು ನಂದ ಗಾಡಿ.”

“ಮತ್ತ ಈಗ ಊರಿಗೆಲ್ಲಾ ಕೇಳೂವಂಗ ಒದರಿದ್ದು?”

“ಅದು ಟಂಟಂ ರೀ.”

ಬೀಗರು ಮುಸಿಮುಸಿ ನಕ್ಕರು. “ಖರೇನ ರೀ ಯಜಮಾನ್ರ, ಗಾಡಿ ಚಂದ್ರೂಂದ. ಬಂದಾಗಿಂದ ಹೇಳಾಕತ್ತೇನಿ,” ಎಂದ ದಾವಲಸಾಬ, ಹೋಳಿಗೆ ನುಂಗಿ.

“ನೀವು ದೊಡ್ಡ ಮನಸಿನವರು, ಅದಕ್ಕ ಹಂಗಂತೀರಿ.”

ತಂಗಿಯ ಕುಬಸಕ್ಕೆಂದು ಮೊದಲೇ ತವರಿಗೆ ಬಂದಿದ್ದ ಚಂದ್ರಕಾಂತನ ಹೆಂಡತಿ ಮಹಾನಂದಾ ಒಳಗಿನಿಂದ ಬಂದಳು. “ಅಪ್ಪಾ, ಅದು ನಮ್ಮದ ಗಾಡಿ!”

“ನೀ ಸುಮ್ನಿರವಾ. ಗಂಡನ ಮಾನ ನೀ ಕಾಯದ ಮತ್ತ್ಯಾರು ಕಾಯಬೇಕು?”

ಚಂದ್ರಕಾಂತನಿಗೆ ತಡೆಯಲಾಗಲಿಲ್ಲ. ದಾವಲಸಾಬನ ಕೈಯಿಂದ ಚಾವಿ ಕಸಿದುಕೊಂಡು, ಕಾರಿನಲ್ಲಿ ಕೂತು ತಿರುವಿದ. ಮಲಕಾಜಪ್ಪ ಕತ್ತು ಓರೆ ಮಾಡಿ ಕಿವಿ ಕೊಟ್ಟರು.

“ಚಾಲೂ ಮಾಡೀರೇನ?”

“ಮಾಡೇನ್ರಿ, ಮಾವಾರ.”

“ಒದರಲಿಲ್ಲಲ್ಲ,” ಎಂದರು ಅವರು, ತೀರ್ಪು ಕೊಡುವವರಂತೆ. “ಅಂದ ಮ್ಯಾಲ ಅದು ನಿಮ್ಮದಲ್ಲ. ಇಳೀರಿ. ಪರರ ಗಾಡಿ, ಏನರ ಆದೀತು.”

ಕುಬಸ ಮುಗಿಯಿತು. ಮಹಾನಂದಾ ತಂಗಿಯ ಜೊತೆ ತವರಿನಲ್ಲೇ ಉಳಿದಳು. ಹೊರಡುವಾಗ ಮಲಕಾಜಪ್ಪ ದಾವಲಸಾಬನ ಕೈ ಹಿಡಿದುಕೊಂಡರು. “ಹೆಂಗೂ ನೀವು ವಿಜಾಪುರಕ್ಕ ಹೊಂಟೀರಿ. ನಮ್ಮ ಅಳಿಯಂದ್ರನ್ನ ಅವರ ಮನೀ ಮಟಾ ಬಿಟ್ಟು ಪುಣ್ಯಾ ಕಟ್ಟಕೋರಿ. ಅವರ ಗಾಡಿ ಕಣದಾಗ ಇರಲಿ, ನಾಳೆ ಯಾರರ ಗುಜರಿಯವರಿಗೆ ಹೇಳಿ ಕಳಸತೇನಿ.”

ಮುಂದಿನ ಸೀಟಿನಲ್ಲಿ ಮಾಸುಮಬಿ ಇದ್ದಳು. ಚಂದ್ರಕಾಂತ ಹಿಂದಿನ ಬಾಗಿಲು ತೆಗೆದು, ದಾವಲಸಾಬನಿಗೆಂದು ಮಾವ ಕಟ್ಟಿಕೊಟ್ಟ ಹೋಳಿಗೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಗಾಡಿ ಒಂದಿಷ್ಟೂ ಸಪ್ಪಳ ಮಾಡದೆ ಹೊರಟಿತು.