ಇಲ್ಲದ ಸಕ್ಕರೆ, ಇಲ್ಲದ ಮಗ

ಮಾನ ಅನ್ನುವುದು ಕೆಲವರಿಗೆ ಜನ್ಮಕ್ಕೊಮ್ಮೆ ಹೋಗುತ್ತದೆ. ನನ್ನದು ಆಗಾಗ ಹೋಗಿ ಬರುತ್ತದೆ. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಹೊಸದರಲ್ಲಂತೂ ಬೆನ್ನುಬೆನ್ನಿಗೆ ಹೋಯಿತು.

೧. ಕೇಕು

ಕಂಪನಿಯವರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ನನ್ನದು ಗಡಿ ದಾಟಿತ್ತು. ಸಕ್ಕರೆ ಕಾಯಿಲೆಯ ಹೊಸಿಲಲ್ಲಿದ್ದೀರಿ ಎಂದರು. ಮದುವೆಯಾಗದ ಹುಡುಗಿ ಊರಿಗೆಲ್ಲ ಹೇಳುವ ಮಾತೇ ಇದು? ಆಫೀಸಿನ ಗೆಳತಿಯೊಬ್ಬಳಿಗೆ ಮಾತ್ರ ಹೇಳಿದೆ. ಮಾರನೆಯ ದಿನ ನನ್ನ ಹುಟ್ಟುಹಬ್ಬ. ಕೇಕು ಕತ್ತರಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿ ತಿಂದರು. ಮ್ಯಾನೇಜರು ನನ್ನ ಕೈಗೆ ಸೌತೆಕಾಯಿ ಕೊಟ್ಟರು.

೨. ಬಳಪ

ನನಗೊಂದು ಕೆಟ್ಟ ಚಟವಿತ್ತು, ಸ್ಲೇಟಿನ ಬಳಪ ತಿನ್ನುವುದು. ಕೂಕಟ್‌ಪಲ್ಲಿಯ ನಮ್ಮ ಬೀದಿಯ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಕೊಳ್ಳುತ್ತಿದ್ದೆ. ಯಾರಿಗಮ್ಮಾ ಇಷ್ಟೊಂದು ಎಂದು ಅಂಗಡಿಯಾತ ಕೇಳಿದಾಗ ನಾಚಿಕೆಯಾಗಿ "ಮಗನಿಗೆ" ಅಂದುಬಿಟ್ಟೆ. ಇಷ್ಟು ಬರೆಯುವ ಹುಡುಗ ಕಲೆಕ್ಟರ್ ಆಗೇ ಆಗುತ್ತಾನೆ ಎಂದು ಆತ ಹರಸಿ, ಒಂದು ಡಬ್ಬಿ ಪುಕ್ಕಟೆ ಕೊಟ್ಟ. ನಾಚಿಕೆಗೆಟ್ಟು ಅದನ್ನೂ ತಿಂದೆ.

೩. ಅತ್ತೆಯಾಗುವವರು

ಸಿಕಂದರಾಬಾದಿನಿಂದ ಒಂದು ಸಂಬಂಧ ಬಂತು, ನಮ್ಮ ಹುಬ್ಬಳ್ಳಿ ಕಡೆಯವರೇ. ಹುಡುಗ ತುಂಬಾ ಹಿಡಿಸಿದ್ದ. ಮುಚ್ಚಿಡಲು ಮನಸ್ಸಾಗದೆ ಸಕ್ಕರೆಯ ವಿಷಯ ಹೇಳಿದೆ. ಹುಡುಗನ ತಾಯಿ, "ನಮ್ಮ ಡಾಕ್ಟರಿಗೆ ತೋರಸೂಣು. ಆಮ್ಯಾಲ ಹೌದೋ ಅಲ್ಲೋ ಹೇಳ್ತೀನಿ" ಎಂದು ತಾವೇ ಜೊತೆಗೆ ಬಂದರು.

ಡಾಕ್ಟರು ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಖಾಲಿ ಹೊಟ್ಟೆಯಲ್ಲೂ ಊಟದ ಮೇಲೂ ಸಕ್ಕರೆ ಸರಿಯಾಗೇ ಇತ್ತು. "ನಿಮಗೆ ಕಡಿಮೆಯಿರೋದು ರಕ್ತ, ಕಬ್ಬಿಣದಂಶ. ಹಾಗಿದ್ದಾಗ ಮೂರು ತಿಂಗಳ ಪರೀಕ್ಷೆ ಇಲ್ಲದ ಸಕ್ಕರೆ ತೋರಿಸಬಹುದು. ಅಂದಹಾಗೆ, ಕಬ್ಬಿಣ ಕಡಿಮೆಯಿದ್ದವರಿಗೆ ಕಂಡದ್ದೆಲ್ಲ ತಿನ್ನೋ ಆಸೆಯಾಗುತ್ತೆ. ಮಣ್ಣು, ಬಳಪ ಏನಾದರೂ ತಿಂತೀರಾ?"

ಪಕ್ಕದಲ್ಲೇ ಅತ್ತೆಯಾಗುವವರು. "ಛೆ, ಇಲ್ಲ" ಅಂದೆ.

ಗೆದ್ದೆ ಅಂದುಕೊಂಡು ಅವರನ್ನು ಮನೆಗೆ ಕರೆತಂದೆ. ಬೀದಿಗೆ ಕಾಲಿಡುತ್ತಲೇ ಅಂಗಡಿಯಾತ ಕೂಗಿದ, "ಅಮ್ಮಾ, ಬಾಬು ಬಾಗುನ್ನಾಡಾ?" ಮಗ ಚೆನ್ನಾಗಿದ್ದಾನಾ ಎಂದು.

ಆ ತಾಯಿಯ ಮುಖ ಕಪ್ಪಿಟ್ಟಿತು. "ನಿನಗ ಮಗ ಅದಾನೇನು?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೇರೆ ದಾರಿ ಕಾಣದೆ ಪರ್ಸಿನಿಂದ ಬಳಪ ತೆಗೆದು ನಡುಬೀದಿಯಲ್ಲೇ ಕಟಕಟ ಕಡಿದೆ. "ಮಗ ಇಲ್ರೀ. ತಿನ್ನಾಕಿ ನಾನ!"

ಅವರು ಎವೆಯಿಕ್ಕದೆ ನೋಡಿದರು. ಆಮೇಲೆ ಅತ್ತಿತ್ತ ನೋಡಿ, ಸೆರಗಿನ ಮರೆಯಲ್ಲಿ ಕೈ ಚಾಚಿದರು.

"ಅರ್ಧಾ ನನಗ ಕೊಡು. ನಮ್ಮ ಅಂಗಡ್ಯಾಂವಗ ಮೊಮ್ಮಗನ ಸಲುವಾಗಿ ಅಂತ ಹೇಳೀನಿ. ಲಗೂನ ಮದುವಿ ಮಾಡ್ಕೊಳ್ರಿ!"